ಮೂರು ಮಳೆಗಾಲ ಕಂಡ 27 ಇಂಚಿನ ಮಾನಿಟರ್

'ಸಿದ್ಧ' ಬೇರೆ, 'ಸಿದ್ದ' ಬೇರೆ. ಕೂತ ಜಾಗದಿಂದಲೇ, ಜೂಮ್ ಮಾಡದೆ, ಈ ವ್ಯತ್ಯಾಸ ಪರದೆಯ ಮೇಲೆ ಕಂಡರೆ ಅದು ಕನ್ನಡ ಅಕ್ಷರ ಜೋಡಿಸುವ ಕೆಲಸಕ್ಕೆ ಆಗುವ ಮಾನಿಟರ್. ಕಾಣದಿದ್ದರೆ ಡಬ್ಬಿಯ ಮೇಲೆ ಏನೇ ಬರೆದಿದ್ದರೂ ಆಗುವುದಿಲ್ಲ. ಒತ್ತಿನ ಬುಡದ ಆ ಸಣ್ಣ ಸೀಳು ಪರದೆಯಲ್ಲಿ ತಪ್ಪಿಸಿಕೊಂಡರೆ ಐನೂರು ಮದುವೆ ಕಾಗದ ಅಚ್ಚಾಗಿ ಬಂದ ಮೇಲೆಯೇ ಕಣ್ಣಿಗೆ ಬೀಳುವುದು.

ಇಲ್ಲಿ ಬರೆಯುತ್ತಿರುವುದು 27 ಇಂಚಿನ, 2560×1440 ಪಿಕ್ಸೆಲ್‌ನ ಐಪಿಎಸ್ (ಓರೆಯಾಗಿ ನೋಡಿದರೂ ಬಣ್ಣ ಕೆಡದ ಬಗೆಯ) ಮಾನಿಟರಿನ ಬಗ್ಗೆ. ಕುಮಟಾದ ಡಿಟಿಪಿ ಅಂಗಡಿಯೊಂದರಲ್ಲಿ ದಿನಕ್ಕೆ ಒಂಬತ್ತು ತಾಸಿನಂತೆ ಮೂರು ಮಳೆಗಾಲ ದಾಟಿದೆ. ಕೊಂಡಾಗಿನ ಬೆಲೆ ₹16,800. ಅದರ ಮೇಲೆ ನಡೆಯುವ ಕೆಲಸವೆಂದರೆ ಮದುವೆ-ಉಪನಯನದ ಕಾಗದ, ಯಕ್ಷಗಾನದ ಕರಪತ್ರ, ಸೊಸೈಟಿಗಳ ವಾರ್ಷಿಕ ವರದಿ, ಶಾಲೆಯ ಪ್ರಶ್ನೆಪತ್ರಿಕೆ. ಕಂಪನಿಯ ಹೆಸರು ಬೇಕಾಗಿಲ್ಲ. ಒಂದೇ ಪ್ಯಾನೆಲ್ ನಾಲ್ಕಾರು ಹೆಸರಿನ ಚೌಕಟ್ಟಿನೊಳಗೆ ಸಿಗುತ್ತದೆ, ಇಲ್ಲಿ ಹೇಳುವ ಒಳ್ಳೆಯದು ಕೆಟ್ಟದ್ದು ಆ ಎಲ್ಲಕ್ಕೂ ಬಹುಪಾಲು ಅನ್ವಯಿಸುತ್ತದೆ.

ಒತ್ತಕ್ಷರದ ಲೆಕ್ಕವನ್ನು ಮೊದಲು ನೋಡಿ. ಅಂಗಡಿಯವರು ಇದನ್ನು ಹೇಳುವುದಿಲ್ಲ. ವಿಂಡೋಸ್ 100% ಅಳತೆಯಲ್ಲಿ 12 ಪಾಯಿಂಟಿನ ಅಕ್ಷರಕ್ಕೆ 16 ಪಿಕ್ಸೆಲ್ ಎತ್ತರದ ಜಾಗ ಕೊಡುತ್ತದೆ. ಇಂಗ್ಲಿಷಿಗೆ ಅಷ್ಟು ಸಾಕು. ಕನ್ನಡದಲ್ಲಿ ಅದೇ 16ರೊಳಗೆ ಮೇಲೆ ತಲೆಕಟ್ಟು, ಗುಡಿಸು, ನಡುವೆ ಅಕ್ಷರದ ಹೊಟ್ಟೆ, ಕೆಳಗೆ ಒತ್ತು, ಎಲ್ಲವೂ ಹಿಡಿಸಬೇಕು. ಒತ್ತಿನ ಪಾಲಿಗೆ ಉಳಿಯುವುದು ನಾಲ್ಕೈದು ಪಿಕ್ಸೆಲ್. ಅಷ್ಟರಲ್ಲಿ 'ಧ'ಒತ್ತಿನ ಸೀಳು ಒಂದು ಪಿಕ್ಸೆಲ್‌ಗಿಂತ ತೆಳ್ಳಗಾಗಿ, ಬೂದು ಮಚ್ಚೆಯಾಗಿ, 'ದ'ಒತ್ತಿನಂತೆಯೇ ಕಾಣುತ್ತದೆ. 'ಸ್ತ್ರೀ', 'ರಾಷ್ಟ್ರ'ದಂತಹ ಎರಡು ಒತ್ತಿನ ಪದಗಳು ಕಪ್ಪು ಗಂಟಾಗುತ್ತವೆ.

ಪರದೆ ದೊಡ್ಡದಾದರೆ ಇದು ಸರಿಹೋಗುತ್ತದೆ ಎಂದುಕೊಂಡು ಬಹಳ ಜನ 27 ಇಂಚಿನ 1920×1080 ಮಾನಿಟರ್ ತರುತ್ತಾರೆ. ಅದರಲ್ಲಿ ಒಂದು ಪಿಕ್ಸೆಲ್‌ನ ಅಗಲ 0.311 ಮಿ.ಮೀ. ಅಕ್ಷರ 5 ಮಿ.ಮೀ. ಎತ್ತರ ಆಗುತ್ತದೆ ನಿಜ, ಆದರೆ ಒಳಗಿರುವುದು ಅದೇ 16 ಪಿಕ್ಸೆಲ್. ಗಂಟು ದೊಡ್ಡದಾಯಿತು, ಬಿಡಿಸಿಕೊಳ್ಳಲಿಲ್ಲ. 24 ಇಂಚಿನ 1080ರಲ್ಲಿ ಪಿಕ್ಸೆಲ್ 0.277 ಮಿ.ಮೀ., ಅಕ್ಷರ 4.4 ಮಿ.ಮೀ., ಒಳಗೆ ಮತ್ತೆ 16.

27 ಇಂಚಿನ 1440ಪಿಯಲ್ಲಿ, ಅಂದರೆ ಈ 2560×1440 ಪರದೆಯಲ್ಲಿ, ಪಿಕ್ಸೆಲ್ 0.233 ಮಿ.ಮೀ. ಇದನ್ನೂ 100%ರಲ್ಲೇ ಇಟ್ಟರೆ ಅಕ್ಷರ 3.7 ಮಿ.ಮೀ.ಗೆ ಇಳಿದು ಕಣ್ಣು ನೋಯುತ್ತದೆ, ಪಿಕ್ಸೆಲ್ ಮಾತ್ರ ಹದಿನಾರೇ. ಬಹಳ ಕಡೆ ಕೊಂಡ ಮಾನಿಟರನ್ನು ಹೀಗೆಯೇ ಬಿಟ್ಟಿರುತ್ತಾರೆ. ಡಿಸ್‌ಪ್ಲೇ ಸೆಟ್ಟಿಂಗ್ಸ್‌ಗೆ ಹೋಗಿ ಸ್ಕೇಲ್ 125% ಮಾಡಬೇಕು. ಆಗ ಅದೇ 12 ಪಾಯಿಂಟಿಗೆ 20 ಪಿಕ್ಸೆಲ್ ಸಿಗುತ್ತದೆ, ಎತ್ತರ 4.7 ಮಿ.ಮೀ. ಅಂದರೆ 24 ಇಂಚಿನ ಪರದೆಯಲ್ಲಿ ಕಾಣುತ್ತಿದ್ದ ಗಾತ್ರವೇ ಹೆಚ್ಚುಕಡಿಮೆ, ಆದರೆ ಬಿಡಿಸಿ ಬರೆಯಲು ನಾಲ್ಕು ಪಿಕ್ಸೆಲ್ ಜಾಸ್ತಿ. ಆ ನಾಲ್ಕರಲ್ಲಿ ಒಂದು ಒತ್ತಿನ ಪಾಲಿಗೆ ಬಂದರೂ ಸೀಳು ಸೀಳಾಗಿ ಕಾಣುತ್ತದೆ. ಕೊಟ್ಟ ಹಣವೆಲ್ಲ ಆ ಒಂದು ಪಿಕ್ಸೆಲ್‌ಗೆ, ಮತ್ತು ಅದು ಅಷ್ಟು ಬೆಲೆ ಬಾಳುತ್ತದೆ.

ಅಕ್ಷರ ನಯ ಮಾಡಲು ವಿಂಡೋಸಿನಲ್ಲೇ ಕ್ಲಿಯರ್‌ಟೈಪ್ ಇದೆಯಲ್ಲ ಎಂದು ಕೇಳುವವರಿಗೆ: ಪ್ರತಿ ಪಿಕ್ಸೆಲ್‌ನಲ್ಲಿ ಕೆಂಪು, ಹಸಿರು, ನೀಲಿ ಪಟ್ಟಿಗಳು ಅಕ್ಕಪಕ್ಕ ನಿಂತಿರುತ್ತವೆ. ಕ್ಲಿಯರ್‌ಟೈಪ್ ಆ ಮೂರು ಪಟ್ಟಿಗಳನ್ನು ಬೇರೆ ಬೇರೆ ಬೆಳಗಿಸಿ ಅಕ್ಷರದ ಅಂಚನ್ನು ನಯ ಮಾಡುತ್ತದೆ. ಪಟ್ಟಿಗಳು ಅಡ್ಡಕ್ಕೆ ಸಾಲಾಗಿರುವುದರಿಂದ ಲಾಭವೂ ಅಡ್ಡಕ್ಕೆ ಮಾತ್ರ. ಇಂಗ್ಲಿಷಿನ ನೆಟ್ಟನೆಯ ಗೆರೆಗಳಿಗೆ ಅದು ಹೇಳಿ ಮಾಡಿಸಿದ್ದು. ಕನ್ನಡದ ಕಷ್ಟ ಇರುವುದು ಮೇಲೆ ಕೆಳಗೆ: ಒತ್ತು ಅಕ್ಷರದ ಅಡಿಯಲ್ಲಿ ಕೂರುತ್ತದೆ, ತಲೆಕಟ್ಟು ಮೇಲೆ ಬಾಗುತ್ತದೆ. ಹೊಸ ಬ್ರೌಸರುಗಳು ಎತ್ತರದ ದಿಕ್ಕಿನಲ್ಲೂ ಅಂಚನ್ನು ನಯ ಮಾಡುತ್ತವೆ, ಹಳೆಯ ತಂತ್ರಾಂಶಗಳು ಮಾಡುವುದಿಲ್ಲ. ಒಂದೇ ಪದ ಬ್ರೌಸರಿನಲ್ಲಿ ದುಂಡಗೆ, ಪುಟ ಜೋಡಿಸುವ ಹಳೆಯ ತಂತ್ರಾಂಶವಾದ ಪೇಜ್‌ಮೇಕರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಾಣುವುದು ಇದೇ ಕಾರಣಕ್ಕೆ. ಹಾಗಾಗಿ ಕನ್ನಡಕ್ಕೆ ನಿಜವಾದ ಪಿಕ್ಸೆಲ್‌ಗಳೇ ಬೇಕು. ಆದರೂ ಸ್ಟಾರ್ಟ್ ಮೆನುವಿನಲ್ಲಿ ಕ್ಲಿಯರ್‌ಟೈಪ್ ಎಂದು ಹುಡುಕಿ ಅದರ ಐದು ಪುಟದ ಹೊಂದಾಣಿಕೆ ಒಮ್ಮೆ ಮಾಡಿಕೊಳ್ಳಿ, ಐದು ನಿಮಿಷದ ಕೆಲಸ.

ಪೇಜ್‌ಮೇಕರ್ ಮತ್ತು ನುಡಿ ಫಾಂಟುಗಳ ಮೇಲೆ ಇನ್ನೂ ನಡೆಯುತ್ತಿರುವ ಅಂಗಡಿಗಳು ಕರಾವಳಿಯಲ್ಲಿ ಕಡಿಮೆಯೇನಿಲ್ಲ. 125% ಮಾಡಿದ ತಕ್ಷಣ ಪೇಜ್‌ಮೇಕರ್ ಮಬ್ಬಾಗುತ್ತದೆ. ಮಾನಿಟರ್ ಸರಿಯಿಲ್ಲ ಎಂದು ವಾಪಸು ಹೋಗುವುದು ಹೆಚ್ಚಾಗಿ ಇಂಥವೇ. ತಪ್ಪು ಮಾನಿಟರಿನದಲ್ಲ. ಹಳೆಯ ತಂತ್ರಾಂಶಕ್ಕೆ ಸ್ಕೇಲಿಂಗ್ ಗೊತ್ತಿಲ್ಲ, ಆದ್ದರಿಂದ ವಿಂಡೋಸ್ ಅದರ ಚಿತ್ರವನ್ನೇ ಹಿಗ್ಗಿಸಿ ತೋರಿಸುತ್ತದೆ. ಪೇಜ್‌ಮೇಕರಿನ ಐಕಾನ್ ಮೇಲೆ ಬಲ ಕ್ಲಿಕ್ ಮಾಡಿ, ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ, ಚೇಂಜ್ ಹೈ ಡಿಪಿಐ ಸೆಟ್ಟಿಂಗ್ಸ್ ತೆರೆದು, ಕೆಳಗಿನ ಓವರ್‌ರೈಡ್ ಗುರುತು ಹಾಕಿ 'ಅಪ್ಲಿಕೇಶನ್' ಆರಿಸಿ. ಮಬ್ಬು ಹೋಗುತ್ತದೆ. ಟೂಲ್ ಪೆಟ್ಟಿಗೆಯ ಚಿತ್ರಗಳು ಸಣ್ಣವಾಗುತ್ತವೆ, ಅದನ್ನು ಸಹಿಸಿಕೊಳ್ಳಬೇಕು.

ನಿರೀಕ್ಷಿಸದೆ ಸಿಕ್ಕ ಇನ್ನೊಂದು ಸುಖ ಎ4 ಹಾಳೆಯದು. 27 ಇಂಚಿನ ಪರದೆಯ ಎತ್ತರ 33.6 ಸೆಂ.ಮೀ., ಎ4 ಹಾಳೆಯದು 29.7. ಮೇಲಿನ ಮೆನು, ಕೆಳಗಿನ ಟಾಸ್ಕ್‌ಬಾರ್ ಕಳೆದರೂ ಒಂದು ಪುಟ ನಿಜ ಗಾತ್ರದಲ್ಲಿ ಪೂರ್ತಿ ನಿಲ್ಲುತ್ತದೆ, ಟಾಸ್ಕ್‌ಬಾರನ್ನು ತಾನಾಗಿ ಅಡಗುವಂತೆ ಮಾಡಿದರೆ ಆರಾಮವಾಗಿ. 24 ಇಂಚಿನದರ ಎತ್ತರ ಬರೀ 29.9, ಅಲ್ಲಿ ಇದು ಸಾಧ್ಯವೇ ಇಲ್ಲ. ಅಡ್ಡಕ್ಕೆ 59.8 ಸೆಂ.ಮೀ. ಇರುವುದರಿಂದ ಎರಡು ಪುಟ ಪಕ್ಕಪಕ್ಕ ಇಟ್ಟು ಇನ್ನೂ 17 ಸೆಂ.ಮೀ. ಟೂಲ್‌ಗಳಿಗೆ ಉಳಿಯುತ್ತದೆ. ಒಂದು ಎಚ್ಚರ: ಇಂಚಿಗೆ 96 ಪಿಕ್ಸೆಲ್ ಎಂದು ಲೆಕ್ಕ ಹಾಕುವ ತಂತ್ರಾಂಶದಲ್ಲಿ 100% ಎಂದರೆ ನಿಜ ಗಾತ್ರವಲ್ಲ. ಈ ಪರದೆಯಲ್ಲಿ ಇಂಚಿಗೆ 109 ಪಿಕ್ಸೆಲ್ ಇದೆ, ಆದ್ದರಿಂದ ಜೂಮ್ 113% ಇಡಬೇಕು. ಕೋರೆಲ್‌ಡ್ರಾದಲ್ಲಿ ರೂಲರ್ ಹೊಂದಿಸುವ ಸೌಲಭ್ಯವೇ ಇದೆ, ಒಮ್ಮೆ ಅಳತೆಪಟ್ಟಿ ಹಿಡಿದು ಹೊಂದಿಸಿದರೆ ಮುಗಿಯಿತು. ಬೇರೆಯವುಗಳಲ್ಲಿ ಖಾಲಿ ಎ4 ಹಾಳೆಯನ್ನು ಪರದೆಯ ಮುಂದೆ ಹಿಡಿದು ಅಂಚಿಗೆ ಅಂಚು ಕೂಡುವ ತನಕ ಜೂಮ್ ಬದಲಿಸಿ. ಹಾಳೆಯನ್ನು ಒತ್ತಬೇಡಿ, ತಾಗಿಸಿದರೆ ಸಾಕು.

ಹೀಗೆ ಹೊಂದಿಸಿದ ಮೇಲೆ ದಿನದ ಪ್ರೂಫ್ ನೋಡುವ ಕ್ರಮವೇ ಬೇರೆಯಾಗುತ್ತದೆ. ಗಿರಾಕಿ ತಂದ ಹಳೆಯ ಮದುವೆ ಕಾಗದವನ್ನು ಪರದೆಯ ಪಕ್ಕಕ್ಕೆ ಹಿಡಿದರೆ ಅದೇ ಗಾತ್ರದ ಅಕ್ಷರ, ಅದೇ ಅಂಚು, ಮಡಿಕೆ ಬರುವ ಜಾಗ ಎಲ್ಲ ಸಾಲಿಗೆ ಸಾಲು ಹೋಲಿಸಬಹುದು. ಅಜ್ಜನ ಹೆಸರು ಮಡಿಕೆಯ ಮೇಲೆ ಬಿದ್ದಿದೆಯೇ ಎಂದು ತಿಳಿಯಲು ಪ್ರಿಂಟ್ ತೆಗೆಯಬೇಕಾಗಿಲ್ಲ. ದಿನಕ್ಕೆ ಎಂಟು-ಹತ್ತು ಹಾಳೆ ಉಳಿಯುತ್ತದೆ. ಗಿರಾಕಿ ಕುರ್ಚಿಯ ಹಿಂದೆ, ಓರೆಯಾಗಿ ನಿಂತು ನೋಡುವುದು ಇಲ್ಲಿನ ರೂಢಿ. ಅದಕ್ಕೇ ಐಪಿಎಸ್ ಬೇಕು. ಟಿಎನ್ ಎಂಬ ಅಗ್ಗದ ಬಗೆಯ ಪರದೆಯಲ್ಲಿ ನಿಂತವರಿಗೆ ಅರಿಶಿನ ಬಣ್ಣ ಬಿಳಿಚಿಕೊಂಡು ಕಾಣುತ್ತದೆ, ಕೂತವರಿಗೆ ಸರಿಯಾಗಿ ಕಾಣುತ್ತದೆ, ವಾದ ಶುರುವಾಗುತ್ತದೆ. ವಿಎ ಎಂಬ ಇನ್ನೊಂದು ಬಗೆಯ ಪ್ಯಾನೆಲಿನ ಕಪ್ಪು ಐಪಿಎಸ್‌ಗಿಂತ ಗಾಢ, ಸಿನಿಮಾಕ್ಕೆ ಅದೇ ಮೇಲು, ಆದರೆ ಪುಟ ಸರಿಸುವಾಗ ಅಕ್ಷರದ ಹಿಂದೆ ಕಪ್ಪು ಬಾಲ ಎಳೆಯುತ್ತದೆ. ಓಎಲ್‌ಇಡಿ ಈ ಬಜೆಟ್ಟಿನ ಮಾತಲ್ಲ, ಮೇಲಾಗಿ ದಿನವಿಡೀ ಅಲುಗದ ಟೂಲ್‌ಬಾರ್ ಅದರ ಮೇಲೆ ಗುರುತು ಬಿಡಬಹುದು.

ಬೆಳಕಿನ ವಿಷಯ. ಡಬ್ಬಿಯಿಂದ ತೆಗೆದಾಗ ಹೆಚ್ಚಿನ ಮಾನಿಟರುಗಳಂತೆ ಇದೂ ಕಣ್ಣಿಗೆ ಚುಚ್ಚುವಷ್ಟು ಬೆಳಗುತ್ತದೆ. ಖಾಲಿ ಬಿಳಿ ಕಾಗದವೊಂದನ್ನು ಪರದೆಯ ಪಕ್ಕದಲ್ಲಿ, ಅಂಗಡಿಯ ಟ್ಯೂಬ್‌ಲೈಟಿನ ಕೆಳಗೇ ಹಿಡಿದು, ಪರದೆಯ ಬಿಳಿ ಕಾಗದದ ಬಿಳಿಗೆ ಸಮವಾಗುವ ತನಕ ಬ್ರೈಟ್‌ನೆಸ್ ಇಳಿಸಬೇಕು. ಇಲ್ಲಿ ಅದು 28ಕ್ಕೆ ಬಂದು ನಿಂತಿತು. ಬಣ್ಣದ ಉಷ್ಣತೆ 6500 ಕೆಲ್ವಿನ್. ಡೈನಾಮಿಕ್ ಕಾಂಟ್ರಾಸ್ಟ್, ಇಕೋ, ಕಣ್ಣಿನ ರಕ್ಷಣೆ ಎಂಬ ಹೆಸರಿನ ಹಳದಿ ಮೋಡ್, ಮೂರೂ ಆಫ್. ಶಾರ್ಪ್‌ನೆಸ್ ಎಷ್ಟಿರಬೇಕೆಂದು ಒತ್ತಕ್ಷರವೇ ಹೇಳುತ್ತದೆ: ಕಪ್ಪು ಅಕ್ಷರದ ಸುತ್ತ ಬಿಳಿ ಪ್ರಭೆ ಕಂಡರೆ ಜಾಸ್ತಿಯಾಗಿದೆ, ಪ್ರಭೆ ಮಾಯವಾಗುವ ತನಕ ಇಳಿಸಿ. ಎಚ್‌ಡಿಎಂಐ ಕೇಬಲ್ಲಿನಿಂದ ಜೋಡಿಸಿದಾಗ ಕಪ್ಪು ಬೂದಾಗಿ ಕಂಡರೆ ಗ್ರಾಫಿಕ್ಸ್ ನಿಯಂತ್ರಣದಲ್ಲಿ ಕ್ವಾಂಟೈಸೇಶನ್ ರೇಂಜ್ 'ಲಿಮಿಟೆಡ್'ನಲ್ಲಿದೆ ಎಂದರ್ಥ. ಅದು ಟಿವಿಗಳ 16ರಿಂದ 235ರ ವ್ಯಾಪ್ತಿ, 'ಫುಲ್' ಮಾಡಿ.

ಬೆಳಕು ಇಳಿಸಿದಾಗ ಪರದೆ ಮಿಣುಕುತ್ತದೆಯೇ ಎಂದು ಕೊಳ್ಳುವ ಮುನ್ನ ನೋಡಲೇಬೇಕು. ಅಗ್ಗದ ಮಾನಿಟರುಗಳು ಹಿಂಬದಿಯ ಎಲ್‌ಇಡಿಯನ್ನು ಬೇಗ ಬೇಗ ಆರಿಸಿ ಹೊತ್ತಿಸಿ ಬೆಳಕು ಕಡಿಮೆ ಮಾಡುತ್ತವೆ, ಸಂಜೆಯ ತಲೆನೋವು ಕೆಲವರಿಗೆ ಅಲ್ಲಿಂದ. ಬೆಳಕನ್ನು ಕಾಲು ಭಾಗಕ್ಕಿಳಿಸಿ, ಬಿಳಿ ಪುಟ ತೆರೆದು, ಪರದೆಯ ಮುಂದೆ ಪೆನ್ಸಿಲನ್ನು ಜೋರಾಗಿ ಬೀಸಿ. ಬೀಸಣಿಗೆಯ ಕಡ್ಡಿಗಳಂತೆ ಬಿಡಿಬಿಡಿಯಾಗಿ ಪೆನ್ಸಿಲುಗಳು ಕಂಡರೆ ಮಿಣುಕು ಇದೆ. ಒಂದೇ ಮಸುಕು ಕಂಡರೆ ಇಲ್ಲ. ಈ ಮಾನಿಟರಿನಲ್ಲಿ ಇಲ್ಲ.

ಬೆಳಗ್ಗೆ ಒರೆಸುವ ಕ್ರಮವನ್ನು ಬಿಡದೆ ಪಾಲಿಸಿದ್ದರಿಂದಲೇ ಪರದೆಯ ಮೇಲೆ ಇಂದಿಗೂ ಒಂದು ಗೀರಿಲ್ಲ. ಪರದೆ ಆಫ್ ಇದ್ದಾಗ, ತಣ್ಣಗಿದ್ದಾಗ, ಮೊದಲು ಮೆತ್ತನೆಯ ಬಣ್ಣದ ಕುಂಚದಿಂದ ಮೇಲಿನಿಂದ ಕೆಳಗೆ ಗುಡಿಸಬೇಕು. ಕಡಲ ಗಾಳಿಯಲ್ಲಿ ಉಪ್ಪು ಮತ್ತು ಸಣ್ಣ ಮರಳು ಎರಡೂ ಇರುತ್ತವೆ, ನೇರ ಬಟ್ಟೆ ಹಾಕಿದರೆ ಅವೇ ಉಜ್ಜುಕಾಗದವಾಗುತ್ತವೆ. ಆಮೇಲೆ ಮೈಕ್ರೋಫೈಬರ್ ಬಟ್ಟೆಯ ಒಂದು ಮೂಲೆಗೆ ಇನ್ವರ್ಟರಿಗೆ ಹಾಕುವ ಬ್ಯಾಟರಿ ನೀರನ್ನು (ಡಿಸ್ಟಿಲ್ಡ್ ವಾಟರ್) ನಾಲ್ಕೈದು ಹನಿ ಹಾಕಿ, ಒತ್ತದೆ ಒರೆಸಿ, ಒಣ ಮೂಲೆಯಿಂದ ಮತ್ತೊಮ್ಮೆ. ಬಾವಿ ನೀರು ಬೇಡ, ಆರಿದ ಮೇಲೆ ಬಿಳಿ ಕಲೆ ಉಳಿಯುತ್ತದೆ. ಕನ್ನಡಿ ಒರೆಸುವ ನೀಲಿ ದ್ರಾವಣ ಬೇಡವೇ ಬೇಡ, ಹೊಳಪು ತಡೆಯುವ ಮೇಲ್ಪದರ ಕಿತ್ತುಬರುತ್ತದೆ. ಪರದೆಗೆ ನೇರವಾಗಿ ಸಿಂಪಡಿಸಿದರೆ ಹನಿ ಜಾರಿ ಕೆಳಚೌಕಟ್ಟಿನೊಳಗೆ ಇಳಿಯುತ್ತದೆ, ಒಳಗಿನ ತೆಳು ರಿಬ್ಬನ್‌ಗಳ ಜೋಡಣೆ ಅಲ್ಲೇ ಇರುವುದು.

ಇಲ್ಲಿಯವರೆಗೆ ಎಲ್ಲ ಮೆಚ್ಚುಗೆಯೇ. ಮೊದಲ ಮಳೆಗಾಲದ ಆಷಾಢದಲ್ಲಿ ಈ ಮಾನಿಟರಿನ ನಿಜವಾದ ದೋಷ ಹೊರಬಿತ್ತು: ಹಿಂಬದಿಯ ಎಚ್‌ಡಿಎಂಐ ಸಾಕೆಟ್ಟು. ದಿನಕ್ಕೆರಡು ಸಲ ಪರದೆ ಒಂದೆರಡು ಸೆಕೆಂಡು ಕಪ್ಪಾಗಿ ಮತ್ತೆ ಬರುವುದರಿಂದ ಶುರು. ಬಳಿಕ ಗಾಢ ಬಣ್ಣದ ಜಾಗದಲ್ಲಿ ಮಿಂಚುಹುಳದಂತೆ ಬಿಳಿ ಚುಕ್ಕೆ ಮಿನುಗುವುದು. ಒಂದು ಬೆಳಗ್ಗೆ 1024×768ಕ್ಕೆ ಇಳಿದು ಒತ್ತಕ್ಷರವೆಲ್ಲ ಮತ್ತೆ ಗಂಟು. ಕೊನೆಗೆ 'ನೋ ಸಿಗ್ನಲ್'. ಪ್ಯಾನೆಲ್ ಹೋಯಿತು ಎಂದು ಹೆದರುವ ಹಾಗೆ ಕಾಣುತ್ತದೆ, ಆದರೆ ಪ್ರತಿ ಲಕ್ಷಣವೂ ಒಂದೊಂದು ಪಿನ್ನಿನ ಕಥೆ. ಎಚ್‌ಡಿಎಂಐಯಲ್ಲಿ 19 ಪಿನ್. 19ನೆಯದು ಮಾನಿಟರ್ ಜೋಡಣೆಯಾಗಿದೆ ಎಂದು ಕಂಪ್ಯೂಟರಿಗೆ ತಿಳಿಸುವುದು, ಅದು ಕ್ಷಣ ಬಿಟ್ಟರೆ ಪರದೆ ಕಪ್ಪು. ಚಿತ್ರ ಹರಿಯುವ ಜೋಡಿ ತಂತಿಗಳಲ್ಲಿ ಸಂಪರ್ಕ ಕೆಟ್ಟರೆ ಮಿನುಗು. 15 ಮತ್ತು 16ರ ಮೂಲಕ ಮಾನಿಟರ್ ತನ್ನ ರೆಸಲ್ಯೂಶನ್ ಹೇಳಿಕೊಳ್ಳುತ್ತದೆ, ಅವು ಕೈಕೊಟ್ಟರೆ ಕಂಪ್ಯೂಟರ್ ಕನಿಷ್ಠಕ್ಕೆ ಇಳಿಯುತ್ತದೆ.

ಕಾರಣ ನಮ್ಮ ಗಾಳಿ. ಅಡುಗೆ ಉಪ್ಪು ಸುಮಾರು 75% ಆರ್ದ್ರತೆ ದಾಟಿದರೆ ಗಾಳಿಯಿಂದಲೇ ನೀರು ಎಳೆದುಕೊಂಡು ಕರಗುತ್ತದೆ. ಭರಣಿಯ ಉಪ್ಪು ಜೂನಿನಲ್ಲಿ ನೀರಾಗುವುದು ಕಾರವಾರದಿಂದ ಭಟ್ಕಳದವರೆಗೆ ಪ್ರತಿ ಅಡುಗೆಮನೆಗೂ ಗೊತ್ತು. ಬೇಸಿಗೆಯಿಡೀ ಪಿನ್ನುಗಳ ಮೇಲೆ ಕೂತ ಉಪ್ಪಿನ ಪುಡಿಯೂ ಮಳೆ ಹಿಡಿದ ಮೇಲೆ ಹಾಗೆಯೇ ನೀರಾಗುತ್ತದೆ. 18ನೆಯ ಪಿನ್ನಿನಲ್ಲಿ 5 ವೋಲ್ಟ್ ಇರುತ್ತದೆ. ಉಪ್ಪುನೀರು, ವಿದ್ಯುತ್ತು, ಚಿನ್ನದ ತೆಳು ಲೇಪದಡಿಯ ತಾಮ್ರ, ಮೂರೂ ಸೇರಿದರೆ ಹಸಿರು ಕಿಲುಬು. ಲೇಪ ದಪ್ಪಗಿದ್ದರೆ ತಡೆಯುತ್ತಿತ್ತು. ಹದಿನೇಳು ಸಾವಿರದ ವಸ್ತುವಿನಲ್ಲಿ ಅಲ್ಲಿ ಉಳಿಸಿದ್ದು ಕೆಲವೇ ರೂಪಾಯಿ ಇರಬೇಕು, ಮತ್ತು ಅದು ಸಿಟ್ಟು ಬರಿಸುವ ಸಂಗತಿ. ಸರ್ವಿಸಿಗೆ ಘಟ್ಟ ಹತ್ತಿ ಹುಬ್ಬಳ್ಳಿಗೆ ಕಳಿಸಬೇಕು. ತೇವದಿಂದಾದ ಹಾನಿ ವಾರಂಟಿಗೆ ಸೇರುವುದಿಲ್ಲ ಎಂದು ಕಾರ್ಡಿನ ಸಣ್ಣ ಅಕ್ಷರದಲ್ಲಿದೆ. ಸಮುದ್ರವಿರುವ ಊರಿಗೆ ಮಾರುವ ವಸ್ತುವಿಗೆ ಈ ಷರತ್ತು ನ್ಯಾಯವಲ್ಲ.

ಪರಿಹಾರ ಅಂಗಡಿಯಲ್ಲೇ ಆಗುತ್ತದೆ. ಮಾನಿಟರ್, ಕಂಪ್ಯೂಟರ್ ಎರಡರ ಪ್ಲಗ್ಗನ್ನೂ ಗೋಡೆಯಿಂದ ತೆಗೆಯಿರಿ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವ ಕಾಂಟ್ಯಾಕ್ಟ್ ಕ್ಲೀನರನ್ನೋ 99% ಐಸೋಪ್ರೊಪೈಲ್ ಆಲ್ಕೋಹಾಲನ್ನೋ ಕೇಬಲ್ಲಿನ ತುದಿಗೆ ಹಾಕಿ, ಸಾಕೆಟ್ಟಿಗೆ ನೇರವಾಗಿ, ಓರೆ ಮಾಡದೆ, ಎಂಟು ಹತ್ತು ಸಲ ಸೇರಿಸಿ ತೆಗೆಯಿರಿ. ಪ್ರತಿ ಸಲ ತುದಿಯನ್ನು ಒರೆಸಿ, ಹಸಿರು ಕೊಳೆ ಬರುತ್ತದೆ. ಅರ್ಧ ತಾಸು ಆರಲು ಬಿಟ್ಟು ಪ್ಲಗ್ ಹಾಕಿ. ತುಕ್ಕು ಬಿಡಿಸುವ ಎಣ್ಣೆಯ ಸ್ಪ್ರೇ ಬಳಸಬೇಡಿ, ಅದು ಬಿಡುವ ಜಿಡ್ಡಿಗೆ ಮತ್ತೆ ಉಪ್ಪು-ಧೂಳು ಅಂಟುತ್ತದೆ. ಸಾಕೆಟ್ಟು ಚೊಕ್ಕಟವಾದ ಮೇಲೆ ಒಂದಡಿ ಉದ್ದದ ಎಚ್‌ಡಿಎಂಐ ಎಕ್ಸ್‌ಟೆನ್ಶನನ್ನು ಅದಕ್ಕೆ ಹಾಕಿ ಮತ್ತೆ ತೆಗೆಯಲೇಬೇಡಿ. ಇನ್ನು ಮೇಲೆ ಹಾಕಿ ತೆಗೆಯುವುದು, ಸವೆಯುವುದು ₹250ರ ಆ ತುಂಡಿನಲ್ಲಿ. ವರ್ಷಕ್ಕೊಮ್ಮೆ ಅದನ್ನೇ ಬದಲಿಸಿದರಾಯಿತು. ಬಳಸದ ಪೋರ್ಟುಗಳಿಗೆ ರಬ್ಬರ್ ಮುಚ್ಚಳ. ರಾತ್ರಿ ಪ್ಲಾಸ್ಟಿಕ್ ಹೊದಿಕೆ ಹಾಕಿದರೆ ತೇವ ಒಳಗೇ ಉಳಿಯುತ್ತದೆ, ಹಳೆಯ ಹತ್ತಿ ಪಂಚೆಯೇ ಒಳ್ಳೆಯದು. ಭಾನುವಾರ, ಹಬ್ಬ ಎಂದು ಸಾಲು ರಜೆ ಬಂದರೂ ಮಳೆಗಾಲದಲ್ಲಿ ದಿನಕ್ಕೊಂದು ತಾಸು ಹಚ್ಚಿಡಿ, ಒಳಗಿನ ಬಿಸಿಗೆ ತೇವ ಆರುತ್ತದೆ. ಇಷ್ಟು ಮಾಡಿದ ಮೇಲೆ ಎರಡನೆಯ, ಮೂರನೆಯ ಮಳೆಗಾಲದಲ್ಲಿ ಪರದೆ ಒಮ್ಮೆಯೂ ಕಪ್ಪಾಗಲಿಲ್ಲ. ಸಿಟ್ಟು ಅರ್ಧ ಇಳಿಯಿತು.

ಘಟ್ಟದ ಮೇಲಿನ ಶಿರಸಿ, ಸಿದ್ದಾಪುರದ ಕಡೆಯವರಿಗೆ ಉಪ್ಪಿನ ಕಾಟವಿಲ್ಲ. ಅಲ್ಲಿ ಬೂಸ್ಟು ಮತ್ತು ಹುಳ. ಮಳೆ ಶುರುವಾಗುವ ಹೊತ್ತಿಗೆ ಬೆಳಕಿಗೆ ಬರುವ ಸಾಸಿವೆಗಿಂತ ಸಣ್ಣ ಹುಳ ಗಾಳಿಕಿಂಡಿಯಿಂದ ನುಗ್ಗಿ ಪ್ಯಾನೆಲಿನ ಹಾಳೆಗಳ ನಡುವೆ ಓಡಾಡುತ್ತದೆ. ಹೊರಗಿನಿಂದ ಬೆರಳಲ್ಲಿ ಒತ್ತಿದರೆ ಅಲ್ಲೇ ಸತ್ತು ಖಾಯಂ ಚುಕ್ಕೆಯಾಗುತ್ತದೆ. ಪರದೆ ಆರಿಸಿ, ಕೋಣೆಯ ದೀಪ ಆರಿಸಿ, ಮೇಲಂಚಿನ ಬಳಿ ಟಾರ್ಚ್ ಹಚ್ಚಿಟ್ಟರೆ ಹೆಚ್ಚಿನವು ತಾವಾಗಿ ಹೊರಬರುತ್ತವೆ.

ಕರೆಂಟಿನ ಖರ್ಚು ಸಣ್ಣದು: ಬೆಳಕು 28ರಲ್ಲಿ ಸುಮಾರು 20 ವ್ಯಾಟ್, ತಿಂಗಳಿಗೆ ಐದು ಯೂನಿಟ್ಟಿನ ಆಸುಪಾಸು. ಇದರ ಅಡಾಪ್ಟರ್ ಹೊರಗಿದೆ, ಕೊಳ್ಳುವಾಗ ಅಂಥದ್ದನ್ನೇ ಆರಿಸಿ. ವೋಲ್ಟೇಜ್ ಏರಿದಾಗ ಸುಡುವುದು ಹೆಚ್ಚಾಗಿ ಅಡಾಪ್ಟರ್ ಮಾತ್ರ, ಒಳಗಿನ ಬೋರ್ಡು ಉಳಿಯುತ್ತದೆ. ವೈಶಾಖದ ಗುಡುಗಿಗೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕೀಳಬೇಕು, ಇಂಟರ್ನೆಟ್ ಕೇಬಲ್ ಕೂಡ.

ಸ್ಟ್ಯಾಂಡ್ ಎತ್ತರ ಬದಲಾಗುವುದಿಲ್ಲ, ಬರೀ ಬಾಗುತ್ತದೆ. ಹಿಂದೆ 100×100 ಮಿ.ಮೀ. ಅಂತರದ ನಾಲ್ಕು ತೂತುಗಳಿವೆ, ಎಂ4 ಸ್ಕ್ರೂ ಹಾಕಿ ಗೋಡೆಯ ತೋಳಿಗೆ ಕೂರಿಸಬಹುದು. ತೋಳು ಬೇಡವೆಂದರೆ ಎರಡು ರೀಮ್ ಕಾಗದದ ಮೇಲಿಟ್ಟರೆ ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಬರುತ್ತದೆ.

ಹತ್ತು ಸಾವಿರದೊಳಗೆ ಮುಗಿಸಬೇಕೆಂದರೆ 24 ಇಂಚಿನ 1080 ತಂದು 125% ಮಾಡಿ. ಅಕ್ಷರಕ್ಕೆ ಅದೇ 20 ಪಿಕ್ಸೆಲ್ ಸಿಗುತ್ತದೆ, ಒತ್ತು ಬಿಡಿಸಿ ಕಾಣುತ್ತದೆ, ಆದರೆ ಅಕ್ಷರ 5.5 ಮಿ.ಮೀ. ಆಗಿ ಪುಟದ ಜಾಗ ತಿನ್ನುತ್ತದೆ. ಬರೀ ಟೈಪಿಂಗ್ ಕೆಲಸಕ್ಕೆ ಅದು ಸಾಕು. ಇನ್ನೂ ಹತ್ತು ಸಾವಿರ ಹಾಕುವ ಶಕ್ತಿಯಿದ್ದರೆ 27 ಇಂಚಿನ 4ಕೆ (3840×2160): 175%ರಲ್ಲಿ 28 ಪಿಕ್ಸೆಲ್, ಅಕ್ಷರ ಅಚ್ಚಿಗೆ ಹತ್ತಿರ. ಅದಕ್ಕೆ ಮುಂಚೆ ಕಂಪ್ಯೂಟರಿನ ಹಿಂಬದಿ ನೋಡಿ. ಎಚ್‌ಡಿಎಂಐ 1.4 ಇದ್ದರೆ 4ಕೆ ಸೆಕೆಂಡಿಗೆ 30 ಚಿತ್ರಕ್ಕೆ ನಿಲ್ಲುತ್ತದೆ, ಮೌಸ್ ಬಾಣ ಕೈಯ ಹಿಂದೆ ಎಳೆದಂತೆ ಬರುತ್ತದೆ. 60 ಬೇಕೆಂದರೆ ಎಚ್‌ಡಿಎಂಐ 2.0 ಅಥವಾ ಡಿಸ್‌ಪ್ಲೇ ಪೋರ್ಟ್ 1.2 ಇರಬೇಕು. ತೀರ ಹಳೆಯ ಕೆಲವು ಬೋರ್ಡುಗಳ ಎಚ್‌ಡಿಎಂಐ 1920×1200 ದಾಟುವುದೇ ಇಲ್ಲ, ಅಂಥಲ್ಲಿ 1440ಪಿ ಕೂಡ ಡಿಸ್‌ಪ್ಲೇ ಪೋರ್ಟಿನಿಂದ ಮಾತ್ರ. ಆ ಪೋರ್ಟ್ ಇಲ್ಲದಿದ್ದರೆ ಮಾನಿಟರಿಗಿಂತ ಮೊದಲು ಒಂದು ಸಣ್ಣ ಗ್ರಾಫಿಕ್ಸ್ ಕಾರ್ಡಿಗೆ ಹಣ ತೆಗೆದಿಡಿ.